ಹಳೆಯ ಕಾರಿನ ಕಂಪ್ಯೂಟರ್ ಕೆಟ್ಟಾಗ: ಬದಲಾಯಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಅಡಿಕೆ ತೂಕದ ದಿನ ನಮ್ಮ ಸಂಘದ ಗೋದಾಮಿನ ಮುಂದೆ ಸಾಲಾಗಿ ನಿಲ್ಲುವ ವಾಹನಗಳಲ್ಲಿ ಹಳೆಯ ಮಾರುತಿ 800, ಓಮ್ನಿ, ಜಿಪ್ಸಿ, ಆಲ್ಟೊಗಳು ಇಂದಿಗೂ ಎದ್ದು ಕಾಣುತ್ತವೆ. ಎರಡು ಮೂರು ಎಕರೆಯ ಬೆಳೆಗಾರನಿಗೆ ಇಂಥ ವಾಹನ ಶೋಕಿಯ ವಸ್ತುವಲ್ಲ. ಗೊಬ್ಬರ ತರುವುದು, ಕಾಫಿ ಚೀಲ ಸಾಗಿಸುವುದು, ಮಕ್ಕಳನ್ನು ಬಸ್ಸು ನಿಲ್ಲುವಲ್ಲಿಗೆ ಬಿಡುವುದು, ಸರಿರಾತ್ರಿಯಲ್ಲಿ ಆಸ್ಪತ್ರೆಗೆ ಓಡುವುದು ಎಲ್ಲಕ್ಕೂ ಅದೇ ಆಧಾರ. 800ರ ತಯಾರಿಕೆ 2014ರ ಜನವರಿಯಲ್ಲಿಯೂ ಓಮ್ನಿಯ ತಯಾರಿಕೆ 2019ರಲ್ಲಿಯೂ ನಿಂತುಹೋಗಿವೆ. ಆದರೂ ಇವು ನಮ್ಮ ಘಟ್ಟದ ರಸ್ತೆಗಳಲ್ಲಿ ಓಡುತ್ತಲೇ ಇವೆ, ಇನ್ನೂ ಕೆಲವು ವರ್ಷ ಓಡಬೇಕಾಗಿಯೂ ಇದೆ.

ಇತ್ತೀಚಿನ ಮಳೆಗಾಲಗಳಲ್ಲಿ ಸದಸ್ಯರಿಂದ ಪದೇ ಪದೇ ಕೇಳಿಬರುತ್ತಿರುವ ಮಾತೊಂದಿದೆ: "ಗ್ಯಾರೇಜಿನವರು ಕಾರಿನ ಕಂಪ್ಯೂಟರ್ ಹೋಗಿದೆ ಅಂತಾರೆ. ಹೊಸದು ಸಿಗೋದಿಲ್ಲವಂತೆ. ಗಾಡಿ ಗುಜರಿಗೆ ಹಾಕೋದೋ, ಏನು ಮಾಡೋದೋ ಗೊತ್ತಾಗ್ತಿಲ್ಲ." ಈ ಪ್ರಶ್ನೆಗೆ ಉತ್ತರವಾಗಿ, ಅನುಭವಸ್ಥ ಆಟೊ ಎಲೆಕ್ಟ್ರಿಷಿಯನ್ನರೊಡನೆ ಚರ್ಚಿಸಿ ತಿಳಿದ ಹಾಗೂ ಕಂಡು ಅರಿತ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ. ಬೆಳೆಗಾರ ಬಂಧುಗಳು ತಾವೇ ರಿಪೇರಿಗೆ ಇಳಿಯಲೆಂಬುದು ಇದರ ಉದ್ದೇಶವಲ್ಲ. ಗ್ಯಾರೇಜಿನ ಮುಂದೆ ನಿಂತಾಗ ಏನು ಕೇಳಬೇಕು, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ತಿಳಿದಿರಲಿ ಎಂಬುದಷ್ಟೇ ಆಶಯ.

ಕಾರಿಗೆ ಕಂಪ್ಯೂಟರ್ ಬಂದದ್ದು ಹೇಗೆ?

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿದಾಗ ಅದರಲ್ಲಿ ಇದ್ದುದು ಕಾರ್ಬುರೇಟರ್. ಪೆಟ್ರೋಲು ಮತ್ತು ಗಾಳಿ ಹದವಾಗಿ ಬೆರೆಯುವ ಕೆಲಸ ಅದರ ಸಣ್ಣ ತೂತುಗಳಿಂದಲೇ ನಡೆಯುತ್ತಿತ್ತು. ಕಸ ಕಟ್ಟಿದರೆ ಬಿಚ್ಚಿ ಊದಿದರಾಯಿತು. ಹಳ್ಳಿಯ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, ಸ್ಕ್ರೂ ತಿರುಗಿಸಿ ಸರಿಮಾಡುತ್ತಿದ್ದ.

ಹೊರದೇಶಗಳಲ್ಲಿ ಈ ಕೆಲಸವನ್ನು ವಿದ್ಯುನ್ಮಾನ ಪೆಟ್ಟಿಗೆಗೆ ಒಪ್ಪಿಸುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತು. ಪೆಟ್ರೋಲು ಸಿಂಪಡಣೆ ಮತ್ತು ಕಿಡಿ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುವ ಮೋಟ್ರಾನಿಕ್ ವ್ಯವಸ್ಥೆ 1979ರಲ್ಲಿ ಬಿ.ಎಂ.ಡಬ್ಲ್ಯು. 732 ಐ ಕಾರಿನಲ್ಲಿ ಅಳವಟ್ಟಿತು.

ನಮ್ಮ ದೇಶದಲ್ಲಿ ಇದಕ್ಕೆ ಒತ್ತಡ ಬಂದದ್ದು ಹೊಗೆ ನಿಯಂತ್ರಣದ ನಿಯಮಗಳಿಂದ. 2000ದ ಏಪ್ರಿಲ್‌ನಿಂದ 'ಇಂಡಿಯಾ 2000' ಮಾನದಂಡ ಇಡೀ ದೇಶಕ್ಕೆ ಅನ್ವಯವಾಯಿತು. ಅದೇ ವರ್ಷ ಮಾರುತಿ 800ಕ್ಕೆ ಎಂ.ಪಿ.ಎಫ್.ಐ. ಎಂಜಿನ್ ಬಂದಿತು. 2005ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 2 ದೇಶದೆಲ್ಲೆಡೆ ಜಾರಿಯಾಯಿತು. ಹೊಸ ಕಾರುಗಳಲ್ಲಿ ಕಾರ್ಬುರೇಟರಿನ ಕಾಲ ಅಲ್ಲಿಗೆ ಮುಗಿದಂತಾಯಿತು. ಹೀಗಾಗಿ ಇಂದು ನಮ್ಮಲ್ಲಿರುವ 'ಹಳೆಯ ಕಾರು'ಗಳೆಂದರೆ ಬಹುತೇಕ ಕಂಪ್ಯೂಟರ್ ಇರುವ ಕಾರುಗಳೇ. ಆ ಕಂಪ್ಯೂಟರಿಗೂ ಈಗ ಇಪ್ಪತ್ತು ವರ್ಷ ವಯಸ್ಸಾಗಿದೆ.

ಪೆಟ್ಟಿಗೆಯ ಕೆಲಸವೇನು?

ಗ್ಯಾರೇಜಿನಲ್ಲಿ ಇದನ್ನು ಇ.ಸಿ.ಎಂ. ಅಥವಾ ಇ.ಸಿ.ಯು. ಎನ್ನುತ್ತಾರೆ. ಊಟದ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ, ಅದಕ್ಕೆ ಬಂದು ಸೇರುವ ಹತ್ತಾರು ತಂತಿಗಳು. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿರುತ್ತದೆ. ಕೆಲವು ವಾಹನಗಳಲ್ಲಿ ಬಾನೆಟ್ಟಿನೊಳಗೆ ಇರುವುದೂ ಉಂಟು.

ಇದಕ್ಕೆ ಬರುವ ತಂತಿಗಳಲ್ಲಿ ಒಂದು ಪಾಲು ಸುದ್ದಿ ತರುವಂಥವು. ಎಂಜಿನ್ ಎಷ್ಟು ಬಿಸಿಯಾಗಿದೆ, ಒಳಹೋಗುವ ಗಾಳಿಯ ಒತ್ತಡವೆಷ್ಟು, ಆಕ್ಸಿಲರೇಟರ್ ಎಷ್ಟು ಒತ್ತಲಾಗಿದೆ, ಪಿಸ್ಟನ್ ಯಾವ ಸ್ಥಾನದಲ್ಲಿದೆ, ಹೊಗೆಯಲ್ಲಿ ಆಮ್ಲಜನಕವೆಷ್ಟು ಉಳಿದಿದೆ ಎಂಬುದನ್ನೆಲ್ಲ ಸೆನ್ಸರುಗಳು ಇಲ್ಲಿಗೆ ತಿಳಿಸುತ್ತವೆ. ಉಳಿದ ತಂತಿಗಳು ಅಪ್ಪಣೆ ಒಯ್ಯುವಂಥವು. ಇಂಜೆಕ್ಟರ್ ಯಾವಾಗ ತೆರೆಯಬೇಕು, ಒಂದು ಸೆಕೆಂಡಿನ ಎಷ್ಟು ಸಾವಿರದ ಒಂದಂಶ ತೆರೆದಿರಬೇಕು, ಕಾಯಿಲ್ ಯಾವಾಗ ಕಿಡಿ ಕೊಡಬೇಕು, ಪೆಟ್ರೋಲ್ ಪಂಪು ಯಾವಾಗ ತಿರುಗಬೇಕು ಎಂಬ ಅಪ್ಪಣೆ ಇಲ್ಲಿಂದ ಹೊರಡುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಇಂಜೆಕ್ಟರಿಗೆ ಎರಡು ತಂತಿ. ಒಂದರಲ್ಲಿ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತಿರುತ್ತದೆ. ಇನ್ನೊಂದನ್ನು ಕಂಪ್ಯೂಟರಿನೊಳಗಿನ ಟ್ರಾನ್ಸಿಸ್ಟರ್ ಅರ್ಥಿಂಗಿಗೆ ಮುಟ್ಟಿಸಿ ಬಿಡುತ್ತದೆ. ಗೇಟು ತೆಗೆದು ಹಾಕುವ ಆಳಿನಂತೆ ಅದರ ಕೆಲಸ. ನಡುವೆ ಇಂಜೆಕ್ಟರಿನ ಸುರುಳಿ ಇರುವುದರಿಂದ ಹರಿಯುವ ವಿದ್ಯುತ್ತು ಮಿತಿಯಲ್ಲಿರುತ್ತದೆ. ಸುರುಳಿಯನ್ನು ತಪ್ಪಿಸಿ ಆ ಎರಡು ತಂತಿಗಳೇ ಒಂದಕ್ಕೊಂದು ತಗುಲಿದರೆ ಬ್ಯಾಟರಿಯ ಪೂರ್ಣ ಶಕ್ತಿ ಆ ಪುಟ್ಟ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. ಕ್ಷಣಾರ್ಧದಲ್ಲಿ ಅದು ಸುಡುತ್ತದೆ. ಅಂದರೆ ಕಂಪ್ಯೂಟರ್ ಅನೇಕ ವೇಳೆ ತಾನಾಗಿ ಸಾಯುವುದಿಲ್ಲ, ಹೊರಗಿನ ದೋಷಕ್ಕೆ ಬಲಿಯಾಗುತ್ತದೆ.

ಒಬ್ಬ ಸದಸ್ಯರಿಗೆ ಆದದ್ದು

ನಮ್ಮ ಸಂಘದ ಸದಸ್ಯರೊಬ್ಬರ ಅನುಭವವನ್ನು ಅವರ ಒಪ್ಪಿಗೆಯ ಮೇಲೆ, ಹೆಸರು ಬಿಟ್ಟು ಇಲ್ಲಿ ಹೇಳಬಹುದು. ಅವರದು 2004ರ ಮಾರುತಿ 800. ತಾಯಿಯವರಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕು. ಮನೆಯಿಂದ ತಾಲ್ಲೂಕು ಆಸ್ಪತ್ರೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಮನೆಯವರೆಗೆ ಬಸ್ಸಿಲ್ಲ.

ಆಷಾಢದ ಮಳೆಯಲ್ಲಿ ಮೊದಲು ಒಂದು ಸಿಲಿಂಡರ್ ಮಿಸ್ಸಿಂಗ್ ಶುರುವಾಯಿತು. ಮೂರೇ ಸಿಲಿಂಡರಿನ 796 ಸಿ.ಸಿ. ಎಂಜಿನ್ ಆದ್ದರಿಂದ ಗಾಡಿ ಇಡೀ ನಡುಗತೊಡಗಿತು. ಮರುವಾರ ಪೂರ್ತಿ ನಿಂತಿತು. ಗ್ಯಾರೇಜಿನಲ್ಲಿ ನೋಡಿ, "ಗೌಡ್ರೇ, ಕಂಪ್ಯೂಟರ್ ಸತ್ತಿದೆ. ಬೆಂಗಳೂರಿಂದ ಹಳೇದೊಂದು ತರಿಸ್ಬೇಕು," ಎಂದರು. ಎಂಟು ಸಾವಿರ ಕೊಟ್ಟು ತರಿಸಿ ಹಾಕಿದರು. ಗಾಡಿ ಒಳ್ಳೆಯದಾಗಿಯೇ ಓಡಿತು, ಹನ್ನೊಂದು ದಿನ. ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಮರಳುವಾಗ ಘಟ್ಟದ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ ತಾಯಿ ಮಲಗಿರುವಾಗಲೇ, ಮತ್ತೆ ನಿಂತಿತು. ಗ್ಯಾರೇಜಿನವರು "ಹಳೇ ಮಾಲು, ಗ್ಯಾರಂಟಿ ಇಲ್ಲ, ಇನ್ನೊಂದು ತರಿಸೋಣ," ಎಂದರು. ಎರಡನೆಯದಕ್ಕೂ ಹಣ ಹೋಯಿತು. ಆ ಹಣ ಗೊಬ್ಬರಕ್ಕೆಂದು ಅವರು ಸಂಘದಿಂದ ಪಡೆದ ಬೆಳೆ ಮುಂಗಡ. ಆ ವರ್ಷ ಅವರ ತೋಟದ ಅರ್ಧ ಭಾಗ ಗೊಬ್ಬರ ಕಾಣಲಿಲ್ಲ. ಗಾಡಿ ನಿಂತ ದಿನಗಳಲ್ಲಿ ಬಾಡಿಗೆ ಜೀಪಿಗೆ ತೆತ್ತದ್ದು ಬೇರೆ.

ಎರಡನೆಯ ಪೆಟ್ಟಿಗೆಯನ್ನು ಹಾಕಿಸುವ ಮುನ್ನ ಅವರ ಭಾವನವರು ಪಟ್ಟಣದ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೇ ಕರೆತಂದರು. ಅವರು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಎಂಜಿನ್ ಮೇಲಿನ ವಯರಿಂಗಿನ ಕಪ್ಪು ಟೇಪನ್ನು ಗೇಣುದ್ದ ಬಿಚ್ಚಿದರು. ಒಳಗೆ ಇಲಿ ಕಡಿದು ಇಂಜೆಕ್ಟರಿನ ಎರಡೂ ತಂತಿಗಳ ಮೈ ಬರಿದಾಗಿತ್ತು. ಗಾಡಿ ಕುಲುಕಿದಾಗ ಅವು ಒಂದಕ್ಕೊಂದು ತಾಗುತ್ತಿದ್ದವು. ಎರಡು ಅಡಿ ತಂತಿ, ಒಂದು ಟೇಪಿನ ಸುರುಳಿ, ಒಂದು ಗಂಟೆಯ ಕೆಲಸ. ಆಮೇಲೆ ಹಾಕಿದ ಪೆಟ್ಟಿಗೆ ಇಂದಿಗೂ ಚೆನ್ನಾಗಿದೆ.

ಬೇರುಹುಳು ಇರುವ ಗುಂಡಿಯಲ್ಲಿಯೇ ಮತ್ತೆ ಮತ್ತೆ ಹೊಸ ಸಸಿ ನೆಟ್ಟರೆ ಸಸಿಯ ತಪ್ಪೇನು? ಕಂಪ್ಯೂಟರ್ ಬದಲಾಯಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೊದಲ ಪೆಟ್ಟಿಗೆ ಏಕೆ ಸತ್ತಿತು ಎಂಬುದಕ್ಕೆ ಉತ್ತರ ಸಿಗದೆ ಎರಡನೆಯದನ್ನು ಕೂರಿಸಕೂಡದು.

ಕಂಪ್ಯೂಟರ್ ಕೆಟ್ಟಿದೆ ಎನ್ನುವ ಮೊದಲು

ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿಸುವುದು ಉತ್ತಮ. ಇವುಗಳಿಗೆ ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಮತ್ತು ತಾಳ್ಮೆ ಇದ್ದರೆ ಸಾಕು.

1. ಬ್ಯಾಟರಿ: ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಕಂಪ್ಯೂಟರ್ ಎಚ್ಚರ ತಪ್ಪಬಹುದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ಇರಬೇಕು. 15 ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ ಎಂದರ್ಥ. ಹೊಸ ಕಂಪ್ಯೂಟರನ್ನೂ ಅದು ಕೊಲ್ಲುತ್ತದೆ.

2. ಫ್ಯೂಸು ಮತ್ತು ಮೇನ್ ರಿಲೇ: ಕಂಪ್ಯೂಟರಿಗೆ ವಿದ್ಯುತ್ ಹೋಗುವುದು ಇವುಗಳ ಮೂಲಕ. ರಿಲೇಯ ಕಾಲುಗಳು ತುಕ್ಕು ಹಿಡಿದರೆ ಎಂಜಿನ್ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಒಂದು ರಿಲೇಯ ಬೆಲೆ ಕಂಪ್ಯೂಟರಿನ ಬೆಲೆಯ ಒಂದು ಸಣ್ಣ ಪಾಲು.

3. ಎಂಜಿನ್ ಚಿತ್ರದ ದೀಪ: ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಹಳದಿ ದೀಪ ಹತ್ತಬೇಕು, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗ ಹತ್ತದಿದ್ದರೆ ಕಂಪ್ಯೂಟರಿಗೆ ವಿದ್ಯುತ್ ಬಂದಿಲ್ಲ, ಇಲ್ಲವೇ ಕಂಪ್ಯೂಟರ್ ಸತ್ತಿದೆ, ಇಲ್ಲವೇ ಆ ಬಲ್ಬೇ ಹೋಗಿದೆ. ಹಳೆಯ ಗಾಡಿ ಕೊಳ್ಳುವಾಗ ಇದನ್ನು ತಪ್ಪದೆ ನೋಡಬೇಕು. ದೋಷ ಮುಚ್ಚಲು ಬಲ್ಬು ಕಿತ್ತು ಮಾರುವವರೂ ಇದ್ದಾರೆ.

4. ಅರ್ಥಿಂಗ್: ಎಂಜಿನ್ ಓಡುತ್ತಿರುವಾಗ, ಓಡದಿದ್ದರೆ ಸೆಲ್ಫ್ ಹೊಡೆಯುತ್ತಿರುವಾಗ, ಕಂಪ್ಯೂಟರಿನ ಅರ್ಥ್ ತಂತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡರೆ ಎಂಜಿನಿಗೂ ಬಾಡಿಗೂ ತಿರುಪು ಹಾಕಿದ ಜಾಗಗಳನ್ನು ಬಿಚ್ಚಿ, ಉಜ್ಜಿ, ಬಿಗಿಮಾಡಬೇಕು. ಮಲೆನಾಡಿನ ಗಾಡಿಗಳಲ್ಲಿ ಅನೇಕ 'ಕಂಪ್ಯೂಟರ್ ದೋಷ'ಗಳು ಇಲ್ಲಿಯೇ ವಾಸಿಯಾಗುತ್ತವೆ.

5. ಐದು ವೋಲ್ಟಿನ ತಂತಿ: ಕಂಪ್ಯೂಟರ್ ಸೆನ್ಸರುಗಳಿಗೆ 5 ವೋಲ್ಟ್ ಕೊಡುತ್ತದೆ. ಅದು ಇಲ್ಲವೆಂದ ಮಾತ್ರಕ್ಕೆ ಕಂಪ್ಯೂಟರನ್ನು ದೂರುವಂತಿಲ್ಲ. ಒಂದೊಂದಾಗಿ ಸೆನ್ಸರಿನ ಪ್ಲಗ್ಗುಗಳನ್ನು ಬಿಡಿಸುತ್ತ ಬರಬೇಕು. ಯಾವುದೋ ಒಂದನ್ನು ಬಿಡಿಸಿದಾಗ 5 ವೋಲ್ಟ್ ಮರಳಿದರೆ ಆ ಸೆನ್ಸರೇ ಶಾರ್ಟ್ ಆಗಿದೆ. ಎಲ್ಲವನ್ನೂ ಬಿಡಿಸಿದ ಮೇಲೂ, ವಯರಿಂಗೂ ಸರಿಯಿದ್ದು, 5 ವೋಲ್ಟ್ ಬಾರದಿದ್ದರೆ ಮಾತ್ರ ಪೆಟ್ಟಿಗೆಯ ಮೇಲೆ ಅನುಮಾನ ಪಡಬಹುದು.

6. ಇಂಜೆಕ್ಟರ್ ಮತ್ತು ಕಾಯಿಲ್: ಇಂಥ ಕಾರುಗಳ ಇಂಜೆಕ್ಟರ್ ಸಾಮಾನ್ಯವಾಗಿ 12ರಿಂದ 16 ಓಮ್ ತೋರಿಸುತ್ತದೆ. ಮೂರರಲ್ಲಿ ಒಂದು ಮಾತ್ರ ತೀರಾ ಕಡಿಮೆ ತೋರಿಸಿದರೆ ಅದೇ ಕೊಲೆಗಾರ. ಕಾಯಿಲನ್ನೂ ಹೀಗೆಯೇ ಅಳೆದು ಕಂಪನಿಯ ಪುಸ್ತಕದ ಲೆಕ್ಕಕ್ಕೆ ಹೋಲಿಸಬೇಕು.

7. ಸ್ಕ್ಯಾನರ್: ಕಂಪ್ಯೂಟರ್ ತಾನು ಕಂಡ ದೋಷಗಳನ್ನು ಸಂಕೇತದ ರೂಪದಲ್ಲಿ ನೆನಪಿಟ್ಟಿರುತ್ತದೆ. ನಮ್ಮ ದೇಶದಲ್ಲಿ ಒ.ಬಿ.ಡಿ. ಕಡ್ಡಾಯವಾದದ್ದು ಭಾರತ್ ಸ್ಟೇಜ್ 4 ವಾಹನಗಳಿಗೆ, 2010ರಿಂದ ಈಚೆಗೆ. ಅದಕ್ಕಿಂತ ಹಳೆಯ ಕಾರುಗಳ ಭಾಷೆ ಆಯಾ ಕಂಪನಿಯದೇ. ಪೇಟೆಯಲ್ಲಿ ಸಿಗುವ ಅಗ್ಗದ ಉಪಕರಣಕ್ಕೆ ಅದು ಅರ್ಥವಾಗದಿದ್ದರೆ ಕಂಪ್ಯೂಟರ್ ಸತ್ತಿದೆ ಎಂದು ತೀರ್ಮಾನಿಸಬಾರದು. ಆ ಕಂಪನಿಯ ಗಾಡಿಗಳಿಗೆ ಹೊಂದುವ ಸ್ಕ್ಯಾನರ್ ಇರುವಲ್ಲಿಗೆ ಒಯ್ಯಬೇಕು.

ವಿದ್ಯುತ್ತು, ಅರ್ಥಿಂಗು, ವಯರಿಂಗು ಎಲ್ಲ ಸರಿಯಿದ್ದೂ ದೀಪ ಹತ್ತದೆ, ಸರಿಯಾದ ಸ್ಕ್ಯಾನರಿಗೂ ಉತ್ತರ ಬಾರದಿದ್ದರೆ ಪೆಟ್ಟಿಗೆ ಕೆಟ್ಟಿರುವ ಸಂಭವವೇ ಹೆಚ್ಚು. ತಣ್ಣಗಿರುವಾಗ ಓಡಿ ಬಿಸಿಯಾದಾಗ ನಿಲ್ಲುವುದು, ಪೆಟ್ಟಿಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಎಂಜಿನಿನ ಸದ್ದು ಬದಲಾಗುವುದು, ಬಿಚ್ಚಿದಾಗ ಸುಟ್ಟ ವಾಸನೆ ಅಥವಾ ಹಸಿರು ಕಿಲುಬು ಕಾಣುವುದು ಇವೂ ಲಕ್ಷಣಗಳೇ. ನೆರೆಯವರ ಅದೇ ಮಾದರಿಯ ಗಾಡಿಯಿಂದ ಪೆಟ್ಟಿಗೆ ತಂದು ಹಾಕಿ ನೋಡುವುದು ಖಚಿತವಾದ ಪರೀಕ್ಷೆ. ಆದರೆ ಮೇಲಿನ ಎಲ್ಲ ಪರೀಕ್ಷೆಗಳು ಮುಗಿದ ಮೇಲೆ ಮಾತ್ರ. ಇಲ್ಲದಿದ್ದರೆ ನೆರೆಯವರ ಪೆಟ್ಟಿಗೆಯೂ ಸುಟ್ಟೀತು, ಸ್ನೇಹವೂ ಹೋದೀತು.

ದೋಷವಿರುವ ಕಂಪ್ಯೂಟರಿನಲ್ಲಿಯೇ ಬಹುಕಾಲ ಗಾಡಿ ಓಡಿಸುವುದೂ ತರವಲ್ಲ. ಪೆಟ್ರೋಲು ಅತಿಯಾಗಿ ಬೀಳುತ್ತಿದ್ದರೆ ಅದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿನ ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಆಯಿಲಿನ ಕಡ್ಡಿಯನ್ನು ಮೂಸಿದರೆ ಪೆಟ್ರೋಲಿನ ವಾಸನೆ ಬರುತ್ತದೆ. ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾಯ್ದು ಹಾಳಾಗುತ್ತದೆ. ಹೊಗೆ ತಪಾಸಣೆಯಲ್ಲಿಯೂ ಗಾಡಿ ಪಾಸಾಗುವುದಿಲ್ಲ.

ಬದಲಿ ಪೆಟ್ಟಿಗೆ: ನಾಲ್ಕು ದಾರಿ

ಮೊದಲನೆಯದು ಹೊಸದನ್ನು ಕೊಳ್ಳುವುದು. ಸಿಕ್ಕರೆ ಇದೇ ಉತ್ತಮ. ತಯಾರಿಕೆ ನಿಂತ ಗಾಡಿಗಳಿಗೆ ಸಿಗುವುದು ಕಷ್ಟವಾಗುತ್ತಿದೆ. ಆದರೂ ಸಂಖ್ಯೆ ಕೊಟ್ಟು ವಿಚಾರಿಸದೆ 'ಸಿಗುವುದಿಲ್ಲ' ಎಂಬ ಮಾತನ್ನು ಒಪ್ಪಬಾರದು.

ಎರಡನೆಯದು ಕೆಟ್ಟಿರುವ ಪೆಟ್ಟಿಗೆಯನ್ನೇ ರಿಪೇರಿ ಮಾಡಿಸುವುದು. ಒಳಗಿನ ಕೆಪಾಸಿಟರುಗಳು ವಯಸ್ಸಾದಂತೆ ಒಣಗುತ್ತವೆ ಅಥವಾ ಸೋರುತ್ತವೆ. ಬೆಸುಗೆ ಬಿರಿಯುತ್ತದೆ. ಟ್ರಾನ್ಸಿಸ್ಟರ್ ಸುಡುತ್ತದೆ. ಇವನ್ನು ಬದಲಿಸಬಲ್ಲ ಕುಶಲಿಗಳು ಬೆಂಗಳೂರಿನಂಥ ನಗರಗಳಲ್ಲಿ ಇದ್ದಾರೆ. ತಮ್ಮ ಗಾಡಿಯ ಮಾಹಿತಿ ಪೆಟ್ಟಿಗೆಯಲ್ಲಿಯೇ ಉಳಿಯುವುದರಿಂದ ಕೀಲಿಯ ತಕರಾರು ಬರುವುದಿಲ್ಲ. ಒಳಗೆ ಸಿಲಿಕೋನ್ ತುಂಬಿ ಮುಚ್ಚಿರುವ ಪೆಟ್ಟಿಗೆಗಳ ರಿಪೇರಿ ಮಾತ್ರ ಕಷ್ಟ.

ಮೂರನೆಯದು ಗುಜರಿ ಗಾಡಿಯಿಂದ ತೆಗೆದ ಪೆಟ್ಟಿಗೆ. ಬೆಂಗಳೂರಿನ ಶಿವಾಜಿನಗರದಂಥ ಕಡೆ ಸಿಗುತ್ತದೆ. ಇಲ್ಲಿ ಒಂದೇ ನಿಯಮ: ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. 'ಅದೂ 800, ಇದೂ 800' ಎಂದರೆ ಸಾಲದು. ಭಾರತ್ ಸ್ಟೇಜ್ 2ಕ್ಕೆ ಮಾಡಿದ್ದು 3ಕ್ಕೆ ಹೊಂದಬೇಕೆಂದಿಲ್ಲ. ಪ್ಲಗ್ಗು ಸರಿಯಾಗಿ ಕೂತಿತೆಂದ ಮಾತ್ರಕ್ಕೆ ಒಳಗಿನ ಲೆಕ್ಕಾಚಾರ ಒಂದೇ ಎಂದು ತಿಳಿಯಬಾರದು. ಹಾಕಿ ಪರೀಕ್ಷಿಸಿ ಸರಿಬಾರದಿದ್ದರೆ ಹಿಂದಿರುಗಿಸುವ ಮಾತನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ನಾಲ್ಕನೆಯದು ಸಂಖ್ಯೆ ಹೊಂದುವ ಹಳೆಯ ಪೆಟ್ಟಿಗೆಗೆ ತಮ್ಮ ಪೆಟ್ಟಿಗೆಯ ನೆನಪಿನಲ್ಲಿರುವ ಮಾಹಿತಿಯನ್ನು ನಕಲು ಮಾಡಿಸುವುದು. ಇದಕ್ಕೆ ಕೆಟ್ಟ ಪೆಟ್ಟಿಗೆ ಬೇಕೇ ಬೇಕು. ಆದ್ದರಿಂದ ಹೊಸದು ಸರಿಯಾಗಿ ಓಡುವವರೆಗೆ ಹಳೆಯದನ್ನು ಯಾರಿಗೂ ಬಿಟ್ಟುಕೊಡಬಾರದು. 'ಹಳೇದು ಕೊಟ್ಟರೆ ಐನೂರು ಕಡಿಮೆ' ಎಂಬ ಮಾತಿಗೆ ಮರುಳಾಗುವುದು ಬೇಡ.

ಕೀಲಿಯ ತೊಡಕು

ಈಚಿನ ಹಲವು ಮಾದರಿಗಳಲ್ಲಿ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುತ್ತದೆ. ಮಾರುತಿಯವರು ಇದನ್ನು ಐ-ಕ್ಯಾಟ್ಸ್ ಎಂದು ಕರೆದರು. ಕೀಲಿಯ ಹಿಡಿಯೊಳಗೆ ಒಂದು ಪುಟ್ಟ ಚಿಪ್ಪು ಇರುತ್ತದೆ. ಅದರ ಗುರುತು ಕಂಪ್ಯೂಟರಿಗೆ ಒಪ್ಪಿಗೆಯಾದರೆ ಮಾತ್ರ ಎಂಜಿನ್ ಓಡುತ್ತದೆ. ಇಂಥ ಗಾಡಿಗೆ ಬೇರೆ ಗಾಡಿಯ ಪೆಟ್ಟಿಗೆಯನ್ನು ಹಾಗೆಯೇ ಹಾಕಿದರೆ ಸೆಲ್ಫ್ ತಿರುಗಿದರೂ ಎಂಜಿನ್ ಹತ್ತುವುದಿಲ್ಲ, ಹತ್ತಿದರೂ ನಿಲ್ಲುತ್ತದೆ. ಪೆಟ್ಟಿಗೆ ಕೆಟ್ಟದ್ದೆಂದು ಅದನ್ನು ಎಸೆಯಬಾರದು. ಗುಜರಿಯಿಂದ ತರುವುದಾದರೆ ಪೆಟ್ಟಿಗೆ, ಇಮ್ಮೊಬಿಲೈಸರ್ ಘಟಕ ಮತ್ತು ಆ ಗಾಡಿಯ ಕೀಲಿ ಮೂರನ್ನೂ ಒಟ್ಟಿಗೆ ತರಬೇಕು, ಇಲ್ಲವೇ ಗುರುತನ್ನು ಹೊಂದಿಸಬಲ್ಲವರಿಂದ ಹೊಂದಿಸಬೇಕು. ಬದಲಿ ಕೆಲಸಕ್ಕೆ ಹೋಗುವಾಗ ಮನೆಯಲ್ಲಿರುವ ಎರಡೂ ಕೀಲಿಗಳನ್ನು ಒಯ್ಯುವುದು ಮರೆಯಬಾರದು.

ಕಂಪ್ಯೂಟರ್ ಸಹವಾಸವೇ ಬೇಡ, ಕಾರ್ಬುರೇಟರ್ ಕೂರಿಸಿಬಿಡೋಣ ಎನ್ನುವ ಸಲಹೆಯೂ ಕೆಲವೆಡೆ ಬರುತ್ತದೆ. ತಯಾರಕರು ಕೊಟ್ಟ ಸ್ವರೂಪವನ್ನು ಹೀಗೆ ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣಕ್ಕೆ ವಿರುದ್ಧ. 15 ವರ್ಷ ಕಳೆದ ಗಾಡಿಯ ನೋಂದಣಿ ನವೀಕರಣಕ್ಕೆ ತಪಾಸಣೆಗೆ ಒಯ್ದಾಗ ತೊಂದರೆ ತಪ್ಪದು.

ಕೂರಿಸುವಾಗ

ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಐದು ಹತ್ತು ನಿಮಿಷ ಬಿಟ್ಟು ಕೆಲಸಕ್ಕೆ ತೊಡಗಬೇಕು. ಪ್ಲಗ್ಗಿನ ಕೊಂಡಿಯನ್ನು ಸರಿಯಾಗಿ ಬಿಡಿಸಿ ಎಳೆಯಬೇಕೇ ಹೊರತು ತಂತಿ ಹಿಡಿದು ಜಗ್ಗಬಾರದು. ಪೆಟ್ಟಿಗೆಯ ಪಿನ್ನುಗಳನ್ನು ಬೆರಳಿನಿಂದ ಮುಟ್ಟಬಾರದು. ಪ್ಲಗ್ಗಿನಲ್ಲಿ ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಬೇಕು. ಪಿನ್ನು ಬಾಗಿದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಪೆಟ್ಟಿಗೆಯನ್ನು ಮೂಲ ಸ್ಥಳದಲ್ಲಿಯೇ, ಮೂಲ ತಿರುಪುಗಳಿಂದಲೇ ಬಿಗಿಯಬೇಕು. ತಂತಿಯ ಗುಂಟ ಇಳಿದ ನೀರು ಪ್ಲಗ್ಗಿನೊಳಗೆ ಹೋಗದಂತೆ ತಂತಿಯನ್ನು ಕೆಳಕ್ಕೆ ಬಾಗಿಸಿ ಮೇಲಕ್ಕೆ ತರಬೇಕು. ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿ ದೀಪ ಹತ್ತಿತೆಂದು ಖಚಿತ ಮಾಡಿಕೊಂಡು ಎಂಜಿನ್ ಚಾಲೂ ಮಾಡಬೇಕು. ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರುಪೇರಾದರೆ ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾಗಿ ನಾಲ್ಕಾರು ಮೈಲಿ ಓಡುವಷ್ಟರಲ್ಲಿ ಅದು ತನ್ನ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಎರಡನೆಯ ದಿನ ದೋಷ ಸಂಕೇತಗಳನ್ನು ಮತ್ತೊಮ್ಮೆ ಓದಿಸಬೇಕು.

ನಮ್ಮ ಕಡೆಯ ವಿಶೇಷ ಎಚ್ಚರಿಕೆಗಳು

ಅಂಬಾಸಿಡರ್, ಜೀಪುಗಳ ಕಾಲದ ಕೆಲವು ರೂಢಿಗಳನ್ನು ಈಗ ಬಿಡಬೇಕಾಗಿದೆ. ಡೈನಮೋ ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕೀಳುವುದು ಅಂದು ನಡೆಯುತ್ತಿತ್ತು. ಇಂದು ಅದು ಕಂಪ್ಯೂಟರಿಗೆ ಮೃತ್ಯು. ಕಿಡಿ ಬರುತ್ತಿದೆಯೇ ಎಂದು ಪ್ಲಗ್ಗಿನ ತಂತಿಯನ್ನು ಗಾಳಿಯಲ್ಲಿ ಹಿಡಿಯುವುದೂ ಅಪಾಯವೇ. ಬೇರೊಂದು ಪ್ಲಗ್ಗು ಸಿಕ್ಕಿಸಿ, ಅದರ ಮೈಯನ್ನು ಎಂಜಿನಿಗೆ ತಾಗಿಸಿ, ಹತ್ತಿರ ಪೆಟ್ರೋಲಿನ ಹಸಿ ಇಲ್ಲದಂತೆ ನೋಡಿಕೊಂಡು ಪರೀಕ್ಷಿಸಬೇಕು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ತಂತಿ ಬಿಚ್ಚಿರಬೇಕು. ಬೇರೆ ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಪಾಸಿಟಿವ್, ನೆಗೆಟಿವ್ ಎರಡು ಸಲ ನೋಡಿಕೊಳ್ಳಬೇಕು.

ಔಷಧಿ ಹೊಡೆಯುವ ಎಚ್.ಟಿ.ಪಿ. ಪಂಪಿನಿಂದಲೇ ಕಾರು ತೊಳೆಯುವ ಪದ್ಧತಿ ನಮ್ಮಲ್ಲಿದೆ. ಬಾನೆಟ್ ಎತ್ತಿ ಆ ಒತ್ತಡದ ನೀರನ್ನು ಎಂಜಿನ್ ಮೇಲೆ ಬಿಡುವುದು ಬೇಡ. ಕೊಳೆರೋಗದ ಕಾಲದಲ್ಲಿ ಮೈಲುತುತ್ತು, ಸುಣ್ಣ, ಆಮೇಲೆ ರಸಗೊಬ್ಬರ ಎಲ್ಲವನ್ನೂ ಕಾರಿನಲ್ಲಿಯೇ ತರುತ್ತೇವೆ. ಚೆಲ್ಲಿದ ಮೈಲುತುತ್ತು ತೇವ ಹೀರಿದರೆ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ರಸಗೊಬ್ಬರದ ಪುಡಿಯೂ ಅಷ್ಟೇ. ತಂದ ದಿನವೇ ಮ್ಯಾಟ್ ತೆಗೆದು ಗುಡಿಸಿ ಒರೆಸಬೇಕು. ಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಅಡಿಕೆ, ಭತ್ತ ರಾಶಿ ಹಾಕಿದರೆ ಇಲಿ ಬರುತ್ತದೆ, ಬಂದ ಇಲಿ ಬಾನೆಟ್ಟಿನ ಬೆಚ್ಚನೆಯ ಜಾಗ ಹುಡುಕುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡುವುದಕ್ಕೆ ಎರಡು ನಿಮಿಷ ಸಾಕು. ವೈಪರಿನ ಕೆಳಗಿನ ನೀರು ಹೋಗುವ ದಾರಿಯಲ್ಲಿ ಎಲೆ ಕಟ್ಟಿದರೆ ನೀರು ಡ್ಯಾಶ್‌ಬೋರ್ಡಿನೊಳಕ್ಕೆ ಇಳಿದು ನೇರವಾಗಿ ಪೆಟ್ಟಿಗೆಯ ಮೇಲೆ ಬೀಳಬಹುದು. ಅದನ್ನೂ ಮೇ ತಿಂಗಳಲ್ಲಿಯೇ ಶುಚಿಮಾಡಬೇಕು.

ಎಲ್ಲಿಯವರೆಗೆ ಖರ್ಚು ಮಾಡಬೇಕು?

ಎಂಜಿನ್ ಗಟ್ಟಿಯಾಗಿದ್ದು, ಬಾಡಿಯ ತಳ ತುಕ್ಕು ತಿಂದಿಲ್ಲದಿದ್ದರೆ ಕಂಪ್ಯೂಟರಿಗಾಗಿ ಗಾಡಿಯನ್ನು ಗುಜರಿಗೆ ಹಾಕುವುದು ದುಡುಕು. ತಳ ತೂತಾಗಿ, ಎಂಜಿನ್ ಆಯಿಲ್ ಕುಡಿಯುತ್ತಿದ್ದು, ನೋಂದಣಿಯ ಅವಧಿಯೂ ಮುಗಿಯುತ್ತ ಬಂದಿದ್ದರೆ ಪೆಟ್ಟಿಗೆಗೆ ಹಣ ಹಾಕುವ ಮುನ್ನ ಯೋಚಿಸಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಲಾಯಿತು. ಅದನ್ನೂ ತಪಾಸಣೆಯ ಇತರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಯೇ ತೀರ್ಮಾನಕ್ಕೆ ಬರಬೇಕು. ಫಲ ನಿಂತ ಮರಕ್ಕೂ ಗೊಬ್ಬರ ಬೇಡಿದ ಮರಕ್ಕೂ ಇರುವ ಭೇದ ಬೆಳೆಗಾರರಿಗೆ ಹೇಳಿಕೊಡಬೇಕಾದ್ದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಗಾಡಿ ಸರಿಯಿರುವಾಗಲೇ ಪ್ರತಿಯೊಬ್ಬರೂ ತಮ್ಮ ಕಾರಿನ ಕಂಪ್ಯೂಟರಿನ ಮೇಲಿರುವ ಪಾರ್ಟ್ ನಂಬರನ್ನು ಬರೆದು, ನೋಂದಣಿ ಪತ್ರದ ಜೊತೆ ಇಟ್ಟುಕೊಳ್ಳಬೇಕು. ಅದರ ಒಂದು ಪ್ರತಿಯನ್ನು ಸಂಘದ ಕಚೇರಿಗೆ ಕೊಟ್ಟರೆ ಒಂದು ಪುಸ್ತಕದಲ್ಲಿ ಬರೆದಿಡಲಾಗುವುದು. ಯಾರಾದರೂ ಗಾಡಿಯನ್ನು ಗುಜರಿಗೆ ಹಾಕುವಾಗ ಸುಸ್ಥಿತಿಯಲ್ಲಿರುವ ಪೆಟ್ಟಿಗೆ ಮತ್ತೊಬ್ಬ ಸದಸ್ಯರಿಗೆ ನ್ಯಾಯವಾದ ಬೆಲೆಗೆ ದೊರೆಯಲು ಇದರಿಂದ ಅನುಕೂಲವಾದೀತು. ಸಂಘದ ಮಾರಾಟ ಮಳಿಗೆಯಲ್ಲಿ ಎರಡು ಮಲ್ಟಿಮೀಟರುಗಳನ್ನು ಎರವಲಿಗೆ ಇಡುವ ವಿಷಯವನ್ನು ಆಡಳಿತ ಮಂಡಳಿಯ ಮುಂದಿನ ಸಭೆಯ ಮುಂದೆ ಇಡಲಾಗುವುದು. ಈ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯವನ್ನೂ ಅನುಭವವನ್ನೂ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರಿದೆ.

— ಕಾರ್ಯದರ್ಶಿ